ಪೇಂಟರು ಯಾವುದಕ್ಕೆ ಒಪ್ಪಿದರು?

ಬೋರ್ಡು ಬರೆಯುವ ಪೇಂಟರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವರ ಹೆಂಡತಿಗೇ ಈ ಬಗ್ಗೆ ಅನುಮಾನ ಬಂದು, ಅವರನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರು. ಡಾಕ್ಟರು ಎರಡೂ ಕಿವಿಯೊಳಗೆ ದೀಪ ಹಿಡಿದು ನೋಡಿ, ಬೆನ್ನ ಹಿಂದೆ ನಿಂತು ಪಿಸುಗುಟ್ಟಿ, ಚಮಚ ಬಡಿದು, ಕೊನೆಗೆ ತೀರ್ಪು ಕೊಟ್ಟರು:

"ಕಿವಿ ಅಪ್ಪಟ ಚಿನ್ನ ಕಣಮ್ಮ. ಮಾತು ಒಳಗೆ ಹೋಗೋವರೆಗೂ ಏನೂ ತೊಂದರೆ ಇಲ್ಲ. ಒಳಗೆ ಹೋದ ಮೇಲೆ ಅದನ್ನ ಬರಮಾಡಿಕೊಳ್ಳೋರು ಯಾರೂ ಇಲ್ಲ, ಅಷ್ಟೇ."

ಸಂಗತಿ ಇದ್ದದ್ದು ಹೀಗೆ. ಪೇಂಟರು ಸದಾ ಯಾವುದೋ ಒಂದು ಅಕ್ಷರದ ಗುಂಗಿನಲ್ಲಿರುತ್ತಿದ್ದರು. ಊಟಕ್ಕೆ ಕೂತಾಗ ಅಕ್ಷರದ ಹೊಟ್ಟೆ, ನಡೆಯುವಾಗ ಅಕ್ಷರದ ಬಾಲ, ಮಲಗಿದಾಗ ಅಕ್ಷರದ ತಲೆಕಟ್ಟು. ಅಂಥ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ, ಅವರಿಗೆ ನೋವಾಗಬಾರದೆಂದು ಬಾಯಿ ತನ್ನಷ್ಟಕ್ಕೆ ತಾನೇ "ಹ್ಞೂಂ, ಅದಕ್ಕೇನಂತೆ, ಆಗಲಿ" ಎಂದುಬಿಡುತ್ತಿತ್ತು. ಬಾಯಿ ಒಳ್ಳೆಯದೇ. ಆದರೆ ಯಜಮಾನ ಇಲ್ಲದ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಸರಕು ಎತ್ತಿಕೊಡುವ ಬಾಯಿ.

ಹೀಗೊಮ್ಮೆ ಹೆಂಡತಿಯ ತಮ್ಮ ಬಂದು, "ಭಾವ, ಮನೆ ಬದಲಾಯಿಸ್ತಾ ಇದೀನಿ, ನನ್ನ ದೊಡ್ಡ ಬೀರು ಒಂದಷ್ಟು ದಿನ ನಿಮ್ಮನೇಲಿ ಇಡಲಾ?" ಎಂದು ಕೇಳಿದ್ದ. ಬಾಯಿ ಆಗಲಿ ಎಂದಿತು. ಬೀರು ಬಂತು. ಅದು ಯಾವ ಕೋಣೆಯ ಬಾಗಿಲಲ್ಲೂ ತೂರದೆ ನಡುಹಾದಿಯಲ್ಲೇ ನಿಂತುಬಿಟ್ಟಿತು. ಅಂದಿನಿಂದ ಆ ಮನೆಯಲ್ಲಿ ಅಡುಗೆಮನೆಗೆ ಹೋಗುವವರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು.

ಹೆಂಡತಿ ಅಡ್ಡಡ್ಡ ನಡೆದು ನಡೆದು ಸಾಕಾಗಿ ಒಂದು ದಿನ ಸೊಂಟಕ್ಕೆ ಕೈಯಿಟ್ಟು ನಿಂತರು.

"ರೀ, ಇದೇ ಕೊನೆ. ಇನ್ನೊಂದು ಸಲ ಕೇಳಿಸಿಕೊಳ್ಳದೆ ಯಾರಿಗಾದ್ರೂ ಹ್ಞೂಂ ಅಂದ್ರೆ, ನಾನು ಚಿಕ್ಕಮ್ಮನ ಮನೆಗೆ ಹೋಗಿಬಿಡ್ತೀನಿ. ನೀವು ಈ ಬೀರು ಜೊತೆ ಸಂಸಾರ ಮಾಡಿಕೊಂಡಿರಿ."

ಈ ಮಾತು ಮಾತ್ರ ಪೇಂಟರಿಗೆ ಸ್ಪಷ್ಟವಾಗಿ ಕೇಳಿಸಿತು. ಆಣೆ ಮಾಡಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಮನುಷ್ಯನಿಗೆ ಹೊಸದಾಗಿ ಒಂದು ಗುಣ ಬಂದರೆ ಅದನ್ನು ನಾಲ್ಕು ಜನರಿಗೆ ತೋರಿಸದೆ ಇರುವುದು ಕಷ್ಟ. ಪೇಂಟರು ಬೇಕರಿಯ ಮುಂದೆ ನಿಂತು, "ಈಗ ನಾನು ಮೊದಲಿನ ಹಾಗಲ್ಲ. ಪೂರ್ತಿ ಕೇಳಿಸಿಕೊಂಡು, ಯೋಚನೆ ಮಾಡಿ, ಆಮೇಲೇ ಉತ್ತರ" ಎಂದು ಸಾರತೊಡಗಿದರು. ಬೇಕರಿಯವನು, "ಹಾಗಾದ್ರೆ ನನ್ನ ಬೋರ್ಡು ಯಾವಾಗ ಬರೆದುಕೊಡ್ತೀರಿ?" ಎಂದು ಕೇಳಿದ. ಪೇಂಟರು ಎದುರು ಅಂಗಡಿಯ ಬೋರ್ಡನ್ನೇ ನೋಡುತ್ತ, "ಹ್ಞೂಂ, ಆಗಲಿ" ಎಂದರು.

ಆ ವಾರದಲ್ಲೇ ಕುತ್ತು ಬಂದದ್ದು.

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಸು ಒಬ್ಬರೇ ಇದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಬೀದಿಯ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಈಗಲೂ ಅವರು ನಡೆದು ಬಂದರೆ ಮೀಸೆ ಹಣ್ಣಾದ ಗಂಡಸರೂ ಬೀಡಿ ಬಿಸಾಕಿ ನೆಟ್ಟಗೆ ನಿಲ್ಲುತ್ತಿದ್ದರು. ಅಂಥವರು ಅಂದು ಸಂಜೆ ಕಾಂಪೌಂಡ್ ಗೋಡೆಯ ಆ ಕಡೆ ಬಂದು ನಿಂತರು. ಈ ಕಡೆ ಪೇಂಟರು ಕುಕ್ಕರಗಾಲಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದರು. ಕೈ ಬ್ರಷ್ಷಿನಲ್ಲಿತ್ತು, ಮನಸ್ಸು ಅಂದು ಬರೆದ ಒಂದು ಅಕ್ಷರದ ಬಾಲದಲ್ಲಿತ್ತು. ಆ ಬಾಲ ಸ್ವಲ್ಪ ಉದ್ದವಾಗಿ, ಕೆಳಗಿನ ಸಾಲಿನ ತಲೆಗೆ ತಾಗಿ, ಇಡೀ ಬೋರ್ಡಿನ ಮರ್ಯಾದೆ ತೆಗೆದಿತ್ತು.

ಹೆಡ್‌ಮಿಸ್ಸು ಮಾತಾಡಿದರು. ನಿಲ್ಲಿಸಿ ನಿಲ್ಲಿಸಿ, ಎಷ್ಟೋ ಹೊತ್ತು ಮಾತಾಡಿದರು. ಕೊನೆಗೆ ಏನೋ ಕೇಳಿ ಸುಮ್ಮನಾದರು.

"ಹ್ಞೂಂ, ಅದಕ್ಕೇನಂತೆ ಮಿಸ್, ಆಗಲಿ. ಒಳ್ಳೇದೇ" ಎಂದಿತು ಪೇಂಟರ ಬಾಯಿ.

ಗೋಡೆಯ ಆ ಕಡೆಯಿಂದ ಮೂಗೆಳೆದ ಸದ್ದು ಬಂದು ಪೇಂಟರು ತಲೆಯೆತ್ತಿದರು. ಹೆಡ್‌ಮಿಸ್ಸಿನ ಕಣ್ಣಲ್ಲಿ ನೀರು! ಬೀದಿಗೆ ಬೀದಿಯನ್ನೇ ಅಳಿಸಿದ ಕಣ್ಣು ಅದು.

"ನೀವು ಇಷ್ಟು ಸುಲಭವಾಗಿ ಒಪ್ಪಿಕೊಳ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ" ಎಂದರು ಅವರು. "ಸೋಮವಾರ ಬೆಳಿಗ್ಗೆ ಕಾರು ಬರುತ್ತೆ. ಅಲ್ಲಿವರೆಗೂ ಯಾರಿಗೂ ಹೇಳಬೇಡಿ. ಮನೆಯವರಿಗೂ."

ಅಷ್ಟು ಹೇಳಿ ಒಳಗೆ ಹೋದರು. ಪೇಂಟರ ಕೈಯಿಂದ ಬ್ರಷ್ಷು ಬಕೆಟ್ಟಿಗೆ ಜಾರಿತು. ಯಾವುದಕ್ಕೆ ಒಪ್ಪಿದೆ?

ಕೂಗಿ ಕೇಳೋಣವೆಂದರೆ ಹೆಡ್‌ಮಿಸ್ಸು. ಪಾಠ ಕೇಳಿಸಿಕೊಳ್ಳದ ಹುಡುಗರಿಗೆ ಅವರು ಏನು ಮಾಡುತ್ತಿದ್ದರೆಂದು ಬೀದಿಗೆಲ್ಲ ಗೊತ್ತು. ಹೆಂಡತಿಗೆ ಹೇಳೋಣವೆಂದರೆ ಚಿಕ್ಕಮ್ಮನ ಮನೆ. ಪೇಂಟರು ಒಂದು ತೀರ್ಮಾನಕ್ಕೆ ಬಂದರು: ಬಾಯಿ ಮುಚ್ಚಿಕೊಂಡಿದ್ದು, ಕಿವಿ ತೆರೆದುಕೊಂಡಿದ್ದು, ಅವರಿವರ ಮಾತಿನಿಂದಲೇ ಸಂಗತಿ ಪತ್ತೆ ಮಾಡಬೇಕು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಎಚ್ಚರದಿಂದ ಕೇಳಿಸಿಕೊಳ್ಳಲು ಹೊರಟರು. ಅನಾಹುತವೆಲ್ಲ ಆಗಿದ್ದು ಅಲ್ಲಿಂದಲೇ.

ಮಾರನೆಯ ದಿನ ಔಷಧಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾಗ ಅಂಗಡಿಯ ಯಜಮಾನರು ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಈ ಯಜಮಾನರು ಹೆಂಡತಿ ತೀರಿಕೊಂಡ ಮೇಲೆ ಮಾತು ಕಮ್ಮಿ ಮಾಡಿದವರು. ಕೆಮ್ಮಿನ ಔಷಧಿ ಕೇಳಿದರೆ ಕೊಟ್ಟು, ಚಿಲ್ಲರೆ ಎಣಿಸಿ, ಒಳಗೆ ಹೋಗಿ ಕೂರುವವರು. ಇಂದು ಮುಖ ಕೆಂಪಾಗಿತ್ತು.

"ಮಿಸ್ ಹೇಳಿದ್ರು. ರಕ್ತಸಂಬಂಧಿಗಳೂ ಮಾಡೋದಕ್ಕೆ ಹಿಂದೆಮುಂದೆ ನೋಡ್ತಾರೆ. ನೀವು ಒಂದೇ ಮಾತಿಗೆ ಹ್ಞೂಂ ಅಂದ್ರಂತೆ! ನಮ್ಮಿಬ್ಬರ ಬದುಕು ಈಗ ನಿಮ್ಮ ಕೈಯಲ್ಲಿದೆ."

"ಅಯ್ಯೋ, ಅದೇನು ದೊಡ್ಡದು" ಎಂದರು ಪೇಂಟರು. ಅಷ್ಟರಲ್ಲಿ ಅವರ ಕಣ್ಣು ಅಂಗಡಿಯ ಬೋರ್ಡಿನ ಮೇಲೆ ಬಿತ್ತು. ಮೊದಲ ಅಕ್ಷರದ ಬಣ್ಣ ಸಿಪ್ಪೆ ಎದ್ದಿತ್ತು. ಮನಸ್ಸು ಆ ಸಿಪ್ಪೆಯನ್ನು ಕೆರೆಯಲು ಹೋಗಿ, ವಾಪಸು ಬರುವಷ್ಟರಲ್ಲಿ ಯಜಮಾನರ ಮಾತಿನ ಮೊದಲರ್ಧ ಗಾಳಿಗೆ ಹೋಗಿ, ಉಳಿದರ್ಧ ಮಾತ್ರ ಕಿವಿಗೆ ಬಿತ್ತು:

"...ನಿಮ್ಮ ಹತ್ರ ಎರಡಾದ್ರೂ ಇದ್ದೇ ಇರುತ್ತೆ. ನಮಗೆ ಒಂದು ಸಾಕು. ಹಳೇದಾದ್ರೂ ನಡೆಯುತ್ತೆ."

ಎರಡಿರುವುದು. ಒಂದು ಸಾಕಾಗುವುದು. ಹಳೆಯದಾದರೂ ನಡೆಯುವುದು. ಪೇಂಟರು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಏಣಿ? ಏಣಿ ಇದ್ದದ್ದು ಒಂದೇ. ಛತ್ರಿ? ಛತ್ರಿಗಾಗಿ ಯಾರೂ ಅಳುವುದಿಲ್ಲ. ಮನೆಯ ಗೇಟಿನ ಹತ್ತಿರ ಹೆಡ್‌ಮಿಸ್ಸು ಎದುರಾಗಿ, ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ಸೋಮವಾರ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ಆಯ್ತಾ? ಖಾಲಿ ಹೊಟ್ಟೆ."

ಪೇಂಟರಿಗೆ ತಟ್ಟನೆ ಎಲ್ಲ ಹೊಳೆಯಿತು. ಅವರ ಎರಡೂ ಕೈ ತಾವಾಗಿಯೇ ಹೋಗಿ ಸೊಂಟದ ಹಿಂಭಾಗವನ್ನು ಎಡಕ್ಕೊಂದು ಬಲಕ್ಕೊಂದು ಹಿಡಿದುಕೊಂಡವು.

ಕಿಡ್ನಿ!

ಅಂದು ಮಧ್ಯಾಹ್ನವೇ ಅವರು ಡಾಕ್ಟರ ಹತ್ತಿರ ಓಡಿದರು. ಅವರಿಗೆ ಪರಿಚಯವಿದ್ದದ್ದು ಒಬ್ಬರೇ ಡಾಕ್ಟರು, ಆ ಕಿವಿಯವರು.

"ಡಾಕ್ಟರೇ, ಎರಡರಲ್ಲಿ ಒಂದು ಹೋದ್ರೆ ಮನುಷ್ಯ ಬದುಕಬಹುದಾ?"

"ಧಾರಾಳವಾಗಿ. ಇನ್ನೊಂದು ಕಡೆಯಿಂದ ಕೇಳಿಸುತ್ತಲ್ಲ!"

"ಕಿವಿ ಅಲ್ಲ ಡಾಕ್ಟರೇ. ಕಿಡ್ನಿ."

ಡಾಕ್ಟರು ದೀಪ ಆರಿಸಿ ಅವರನ್ನು ದಿಟ್ಟಿಸಿದರು. "ನೋಡಿ, ನನ್ನ ವ್ಯವಹಾರ ಕತ್ತಿನಿಂದ ಮೇಲಕ್ಕೆ. ಆದರೂ ಹೇಳ್ತೀನಿ. ಒಂದರಲ್ಲೇ ಎಷ್ಟೋ ಜನ ಆರಾಮಾಗಿ ಇದಾರೆ. ಆದರೆ ಕೊಡೋರು ಚೆನ್ನಾಗಿ ಕೇಳಿ ತಿಳಿದುಕೊಂಡು, ಯೋಚನೆ ಮಾಡಿ ಒಪ್ಪಬೇಕು."

ಪೇಂಟರು ನಿಟ್ಟುಸಿರು ಬಿಟ್ಟು ಎದ್ದರು.

ಅಂಥ ಮನಸ್ಥಿತಿಯಲ್ಲಿ ಅವರು ಬೇಕರಿಯ ಬೋರ್ಡು ಬರೆಯಲು ಏಣಿ ಹತ್ತಬಾರದಾಗಿತ್ತು. ಹತ್ತಿದರು. ಬರೆದರು. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದವು. ಬಾಲ ತಲೆಗೆ ತಾಗಲಿಲ್ಲ, ಹೊಟ್ಟೆ ಉಬ್ಬಲಿಲ್ಲ. ದೂರ ನಿಂತು ನೋಡಿ ಪೇಂಟರೇ ತಲೆದೂಗಿದರು. ಆಗ ಬೇಕರಿಗೆ ಬಂದ ಒಬ್ಬ ಹೆಂಗಸು ಬೋರ್ಡು ಓದಿ, ಚೀಲವನ್ನು ಎದೆಗವಚಿಕೊಂಡು, ಬಂದ ದಾರಿಗೇ ತಿರುಗಿದಳು. ಬೇಕರಿಯವನು ಹೊರಗೆ ಬಂದು ಕತ್ತೆತ್ತಿದ.

'ಇಲ್ಲಿ ತಾಜಾ ಬ್ರೆಡ್, ಕೇಕ್, ಕಿಡ್ನಿ ದೊರೆಯುತ್ತದೆ.'

"ಪೇಂಟರೇ!" ಎಂದು ಬೇಕರಿಯವನು ಕಿರುಚಿದ ರಭಸಕ್ಕೆ ಒಳಗೆ ಬನ್ನುಗಳು ಚಪ್ಪಟೆಯಾದವು ಎಂದು ಆಮೇಲೆ ಜನ ಹೇಳುತ್ತಿದ್ದರು. "ನಾನು ಇಟ್ಟಿರೋದು ಬೇಕರಿ! ಬಿಸ್ಕತ್ತು ಅಂತ ಹೇಳಿದ್ನೋ ಇಲ್ವೋ? ಬಿಸ್ಕತ್ತಿಗೂ ಕಿಡ್ನಿಗೂ ಏನ್ರೀ ಸಂಬಂಧ?"

ಪೇಂಟರು ಏಣಿಯ ಬುಡದಲ್ಲಿ ಕುಸಿದು ಕೂತರು. ಎರಡು ದಿನದಿಂದ ಒಳಗೇ ಇಟ್ಟುಕೊಂಡಿದ್ದು ಹೊರಗೆ ಬಂತು. "ಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದೀನಿ ಕಣಯ್ಯಾ. ಹೆಡ್‌ಮಿಸ್ಸಿಗೆ. ಸೋಮವಾರ. ಯಾರಿಗೂ ಹೇಳಬೇಡ."

ಬೇಕರಿಯವನ ಸಿಟ್ಟು ಜರ್ರನೆ ಇಳಿಯಿತು. ಟೋಪಿ ತೆಗೆದ. ಒಂದು ಬನ್ನು ತಂದು ಕೈಗಿಟ್ಟ. "ನನ್ನ ಪ್ರಾಣ ಹೋದ್ರೂ ಹೇಳಲ್ಲ" ಎಂದ. ಮಾತಿಗೆ ತಪ್ಪಲಿಲ್ಲ, ಗಟ್ಟಿಯಾಗಿ ಯಾರಿಗೂ ಹೇಳಲಿಲ್ಲ. ಬ್ರೆಡ್ಡು ಕೊಳ್ಳಲು ಬಂದ ಪ್ರತಿಯೊಬ್ಬರ ಕಿವಿಯಲ್ಲೂ ಪಿಸುದನಿಯಲ್ಲಿ ಮಾತ್ರ ಹೇಳಿದ. ಸಂಜೆಯ ಹೊತ್ತಿಗೆ ಪೇಂಟರ ಭಾವಮೈದುನ ರಸ್ಕು ಕೊಳ್ಳಲು ಬಂದ.

ಪೇಂಟರು ಮನೆ ತಲುಪುವಷ್ಟರಲ್ಲಿ ಅವನು ಮೊದಲೇ ಬಂದು ಬೀರುವಿಗೆ ಒರಗಿ ನಿಂತಿದ್ದ. ಹೆಂಡತಿ ಕುರ್ಚಿಯ ಮೇಲೆ ಕೂತಿದ್ದರು. ಕಣ್ಣು ಊದಿಕೊಂಡಿತ್ತು. ಪೇಂಟರು ಎದೆ ಗಟ್ಟಿ ಮಾಡಿಕೊಂಡು ಚಿಕ್ಕಮ್ಮನ ಮನೆಯ ಹೆಸರು ಬರುವುದನ್ನೇ ಕಾದರು.

"ಬನ್ನಿ, ಕೂತ್ಕೊಳ್ಳಿ" ಎಂದರು ಹೆಂಡತಿ, ಮೆತ್ತಗೆ. "ನಿಧಾನ. ಸೊಂಟ ತಾಗಿಸಿಕೊಳ್ಳಬೇಡಿ."

ಮದುವೆಯಾದ ಮೇಲೆ ಆ ದನಿಯನ್ನು ಪೇಂಟರು ಕೇಳಿದ್ದು ಅಪರೂಪ.

"ನನಗೆ ಹೇಳಲಿಲ್ಲವಲ್ಲ ಅಂತ ಮೊದಲು ಕೋಪ ಬಂತು. ನಿಮ್ಮನ್ನ ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸ್ತು. ಆಮೇಲೆ ಕೂತು ಯೋಚನೆ ಮಾಡಿದೆ. ಯಾರ ಮಾತಿಗೂ ಮನಸ್ಸು ಕೊಡದ ಮನುಷ್ಯ ಅಂತ ನಿಮ್ಮನ್ನ ಎಷ್ಟು ಬೈದೆ! ಪಕ್ಕದ ಮನೆಯಾಕೆಯ ಕಷ್ಟವನ್ನ ನಾನು ಗಮನಿಸಲಿಲ್ಲ, ನೀವು ಗಮನಿಸಿದ್ರಿ. ನನಗೆ ಇಷ್ಟವಿಲ್ಲ, ಹೆದರಿಕೆ ಆಗುತ್ತೆ. ಆದರೆ ತಡೆಯಲ್ಲ."

ಪೇಂಟರು ಬಾಯಿ ತೆರೆದರು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಹೆಂಡತಿ ಎದ್ದು ಬೀರುವಿನ ಪಕ್ಕದಿಂದ ಅಡ್ಡಡ್ಡ ತೂರಿ, ಅಡುಗೆಮನೆಯಿಂದ ಅವರಿಗೆ ಇಷ್ಟವಾದ ಎಲ್ಲವನ್ನೂ ಬಿಸಿಬಿಸಿಯಾಗಿ ತಂದು ಬಡಿಸತೊಡಗಿದರು. ತುಂಬಿದ ಬಾಯಲ್ಲಿ ನಿಜ ಹೇಳುವುದು ಕಷ್ಟ. ಭಾವಮೈದುನ ಒಂದು ತುತ್ತು ಕೇಳಿದ್ದಕ್ಕೆ ಅಕ್ಕ, "ನೀನೇನು ಕೊಡ್ತಾ ಇದೀಯಾ?" ಎಂದು ಗದರಿದರು.

ಭಾನುವಾರದ ಹೊತ್ತಿಗೆ ಬೀದಿ ಎರಡು ಪಂಗಡವಾಗಿತ್ತು. ಎಡಗಡೆಯದು ಕೊಡುತ್ತಾರೆ ಎನ್ನುವವರು ಒಂದು, ಬಲಗಡೆಯದು ಎನ್ನುವವರು ಇನ್ನೊಂದು. ಹಣ್ಣು ಹಿಡಿದು ನೋಡಲು ಬಂದವರು ಪೇಂಟರ ಮುಖಕ್ಕಿಂತ ಸೊಂಟವನ್ನೇ ಹೆಚ್ಚು ನೋಡಿದರು. ಹೆಡ್‌ಮಿಸ್ಸಿನ ಮುಂದೆ ಮಾತ್ರ ಯಾರೂ ಈ ವಿಷಯ ಎತ್ತಬಾರದು, ಆಕೆ ನೊಂದುಕೊಳ್ಳುತ್ತಾರೆ ಎಂದು ಪೇಂಟರ ಹೆಂಡತಿ ಕಟ್ಟಪ್ಪಣೆ ಮಾಡಿದ್ದರು. ಆದರೂ ಅನುಕಂಪ ಸುಮ್ಮನಿರುವುದಿಲ್ಲ. ಹೆಡ್‌ಮಿಸ್ಸು ತರಕಾರಿ ತರಲು ಹೊರಟಾಗ ಎದುರುಮನೆಯಾಕೆ ತಡೆದು ಕೈ ಅದುಮಿದರು.

"ಹೆದರಬೇಡಿ ಮಿಸ್. ಎಲ್ಲಾ ಒಳ್ಳೇದೇ ಆಗುತ್ತೆ."

ಹೆಡ್‌ಮಿಸ್ಸು ಕಕ್ಕಾಬಿಕ್ಕಿಯಾದರು. "ನಿಮಗೆ... ಗೊತ್ತಾ?"

"ಎಲ್ಲರಿಗೂ ಗೊತ್ತು. ನಾಚಿಕೊಳ್ಳೋದು ಏನಿದೆ ಇದರಲ್ಲಿ? ನಮ್ಮ ದೊಡ್ಡಮ್ಮನಿಗೂ ನಿಮ್ಮ ವಯಸ್ಸಲ್ಲೇ ಆಯ್ತು. ಈಗ ಹೆಂಗಿದಾರೆ ಅಂತೀರಾ! ಮೆಟ್ಟಿಲು ಹತ್ತಿಕೊಂಡು ಓಡಾಡ್ತಾರೆ. ಮೊದಮೊದಲು ದೇಹ ಸ್ವಲ್ಪ ಒಗ್ಗಲ್ಲ ಅನ್ನುತ್ತೆ. ಆಮೇಲೆ ತಾನೇ ಹೊಂದಿಕೊಳ್ಳುತ್ತೆ."

ಹೆಡ್‌ಮಿಸ್ಸು ಕಿವಿಯವರೆಗೂ ಕೆಂಪಾಗಿ ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಅಡುಗೆಮನೆಯಿಂದ ಒಂದು ಹಾಡಿನ ಗುನುಗು ಕೇಳಿಸಿತು. ಗೋಡೆಯ ಈಚೆ ಸುಮ್ಮನೆ ನಿಂತಿದ್ದ ಪೇಂಟರು ಅದಕ್ಕೆ ಕಿವಿಗೊಟ್ಟರು. ಇಷ್ಟು ವರ್ಷದಲ್ಲಿ ಆಕೆ ಹಾಡಿದ್ದನ್ನು ಅವರು ಕೇಳಿರಲಿಲ್ಲ. 'ಪಾಪ, ಬದುಕುವ ಆಸೆ' ಎಂದುಕೊಂಡರು. ಒಂದು ಕೈ ಸೊಂಟದ ಎಡಕ್ಕೆ ಹೋಯಿತು. ಅದನ್ನು ಅವರು ಎರಡು ಸಲ ತಟ್ಟಿದರು, ಊರಿಗೆ ಹೊರಟವರ ಬೆನ್ನು ತಟ್ಟುವ ಹಾಗೆ.

ಸೋಮವಾರ ಕಾರು ಬಂತು. ಓಡಿಸುತ್ತಿದ್ದವರು ಔಷಧಿ ಅಂಗಡಿಯ ಯಜಮಾನರೇ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದರು. ಹೆಡ್‌ಮಿಸ್ಸು ತಿಳಿನೀಲಿ ಬಣ್ಣದ ಹೊಸ ಬಟ್ಟೆಯಲ್ಲಿದ್ದರು. ಪೇಂಟರ ಹಿಂದೆ ಅವರ ಹೆಂಡತಿ ಫ್ಲಾಸ್ಕು ಹಿಡಿದು, ಭಾವಮೈದುನ ದಿಂಬು ಕಂಬಳಿ ಹೊತ್ತು ಬಂದು ಕಾರು ಹತ್ತಿದರು.

"ಇವರೂ ಬರಲೇಬೇಕು ಅಂದ್ರು ಮಿಸ್" ಎಂದರು ಪೇಂಟರು ತಲೆ ತಗ್ಗಿಸಿ.

"ಬರಲಿ, ಸಂತೋಷ. ಹೇಗೂ ಎಲ್ಲರಿಗೂ ಗೊತ್ತಾಗಿದೆ. ಆದರೆ ದಿಂಬು ಯಾಕಪ್ಪಾ?"

"ಭಾವನಿಗೆ ಮಲಗಬೇಕಾಗುತ್ತಲ್ಲ ಮಿಸ್" ಎಂದ ಭಾವಮೈದುನ, ದಿಂಬಿನ ಹಿಂದಿನಿಂದ.

"ಅಷ್ಟು ಹೊತ್ತು ಎಲ್ಲಿ ಆಗುತ್ತೆ? ಅರ್ಧ ಗಂಟೇಲಿ ಮುಗಿದುಹೋಗುತ್ತೆ."

"ಅರ್ಧ ಗಂಟೇಲಾ!" ಎಂದರು ಪೇಂಟರ ಹೆಂಡತಿ.

"ಈಗೆಲ್ಲ ಕಂಪ್ಯೂಟರ್ ಬಂದಿದೆಯಲ್ಲ" ಎಂದರು ಯಜಮಾನರು, ಗೇರು ಬದಲಾಯಿಸುತ್ತ.

ಕಾರು ನಿಂತದ್ದು ಹಳದಿ ಬಣ್ಣದ ಒಂದು ಹಳೇ ಕಟ್ಟಡದ ಮುಂದೆ. ಬಾಗಿಲ ಮೇಲೆ ಮಾರುದ್ದದ ಬೋರ್ಡಿತ್ತು. ಪೇಂಟರು ಅದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಅಕ್ಷರಗಳ ನಡುವಿನ ಅಂತರ ಸರಿಯಿಲ್ಲ, ಬಣ್ಣಕ್ಕೆ ಎಣ್ಣೆ ಜಾಸ್ತಿ ಬಿದ್ದಿದೆ, ಕೊನೆಗೆ ಜಾಗ ಸಾಲದೆ ಒತ್ತಿ ಬರೆದಿದ್ದಾರೆ. ಹೀಗೆ ಹೇಗೆ ಬರೆದಿದ್ದಾರೆ ಎಂಬುದನ್ನು ಪೂರ್ತಿಯಾಗಿ ಓದಿ, ಏನು ಬರೆದಿದ್ದಾರೆ ಎಂಬುದೊಂದನ್ನು ಬಿಟ್ಟು ಒಳಗೆ ಹೋದರು. ಹೆಂಡತಿಗೆ ಕಣ್ಣೀರಿನಲ್ಲಿ ಬೋರ್ಡು ಕಾಣಲಿಲ್ಲ. ಭಾವಮೈದುನನಿಗೆ ದಿಂಬು ಅಡ್ಡ.

ಒಳಗೆ ಬೆಂಚಿನ ತುಂಬ ಜನ. ಭಾವಮೈದುನ ಬಾಗಿಲಲ್ಲಿದ್ದ ಜವಾನನನ್ನು ಕೇಳಿದ: "ಎಲ್ಲಿ ಮಲಗಿಸ್ತೀರಾ?"

"ಇಲ್ಲಿ ಕೂರೋದಕ್ಕೇ ಜಾಗ ಇಲ್ಲ, ಮಲಗಬೇಕಂತೆ" ಎಂದ ಜವಾನ.

ಕರೆ ಬಂತು. ಮೇಜಿನ ಹಿಂದೆ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಕೊಡೋರು ಯಾರು?"

ಪೇಂಟರು ಒಂದು ಹೆಜ್ಜೆ ಮುಂದೆ ಬಂದರು. "ನಾನೇ ಸಾರ್."

"ಸ್ವಂತ ಇಚ್ಛೆಯಿಂದ ಬಂದಿದ್ದೀರಾ? ಯಾರ ಬಲವಂತವೂ ಇಲ್ಲವಲ್ಲ?"

ಪೇಂಟರು ಹೆಡ್‌ಮಿಸ್ಸಿನ ಕಡೆ ನೋಡಿದರು. ಆಕೆ ಹೊಸದಾಗಿ ಶಾಲೆಗೆ ಸೇರಿದ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದರು. "ಸ್ವಂತ ಇಚ್ಛೆ ಸಾರ್" ಎಂದರು, ದನಿ ಗಟ್ಟಿಮಾಡಿಕೊಂಡು.

"ಸರಿ. ನಿಮ್ಮದು ಎಡಗಡೆ."

"ಎಡಗಡೆಯಂತೆ!" ಎಂದು ಭಾವಮೈದುನ ಪಿಸುಗುಟ್ಟಿದ. ಅವನು ಬಲಗಡೆಯ ಪಂಗಡದವನು.

ಪೇಂಟರು ಶರ್ಟಿನ ಗುಂಡಿ ಬಿಚ್ಚತೊಡಗಿದರು. ಹೆಂಡತಿ ಮೇಜಿನ ಹತ್ತಿರ ಹೋಗಿ ಕೈ ಮುಗಿದರು. "ಡಾಕ್ಟರೇ, ಆದಷ್ಟು ನೋವಾಗದ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿ ಕೂಡ ಕುಡಿದಿಲ್ಲ."

ಅಧಿಕಾರಿ ಈಗ ತಲೆ ಎತ್ತಿದರು. ಅರ್ಧ ಶರ್ಟು ಬಿಚ್ಚಿದ ಗಂಡಸು, ಅಳುತ್ತಿರುವ ಹೆಂಗಸು, ದಿಂಬು ಹೊತ್ತ ಯುವಕ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಅವರೇ ಇದ್ದರು.

"ಸಾಕ್ಷಿ ಕೊಡೋದಕ್ಕೆ ಶರ್ಟು ಯಾಕ್ರೀ ಬಿಚ್ತೀರಾ? ನಾನು ಡಾಕ್ಟರಲ್ಲಮ್ಮ. ಮದುವೆ ನೋಂದಣಿ ಅಧಿಕಾರಿ."

ಭಾವಮೈದುನ ದಿಂಬನ್ನು ಮೆಲ್ಲಗೆ ಕೆಳಗಿಳಿಸಿದ.

"ಮದುವೆನಾ?" ಎಂದರು ಪೇಂಟರ ಹೆಂಡತಿ. "ಯಾರದ್ದು?"

"ನಮ್ಮದು" ಎಂದರು ಔಷಧಿ ಅಂಗಡಿಯ ಯಜಮಾನರು, ಮೆಲ್ಲಗೆ. ಹೆಡ್‌ಮಿಸ್ಸು ನೆಲ ನೋಡಿದರು.

ಇಷ್ಟು ಹೊತ್ತಿಗೆ ಯಜಮಾನರ ಫೋನು ಬಡಿದುಕೊಂಡಿತು. ಎರಡನೇ ಸಾಕ್ಷಿಯಾಗಿ ಬರಬೇಕಿದ್ದ ಅವರ ದಾಯಾದಿ ಅಣ್ಣ. ಈ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ನಾನು ಸಹಿ ಹಾಕಿದರೆ ನಾಳೆ ತಲೆಯೆತ್ತಿಕೊಂಡು ಓಡಾಡುವುದು ಹೇಗೆ ಎಂದು ಅವರು ಕೂಗಿದ್ದು ಫೋನಿನ ಹೊರಗೂ ಕೇಳಿಸಿತು.

"ಸಾಕ್ಷಿ ಇಬ್ಬರು ಬೇಕು" ಎಂದರು ಅಧಿಕಾರಿ. "ಇಲ್ಲದಿದ್ದರೆ ಇನ್ನೊಂದು ದಿನ ಬನ್ನಿ."

ಹೆಡ್‌ಮಿಸ್ಸು ಬೆಂಚಿನ ಮೇಲೆ ಕೂತುಬಿಟ್ಟರು. "ಇನ್ನೊಂದು ದಿನ ಬರೋ ಧೈರ್ಯ ನನಗಿಲ್ಲ" ಎಂದರು. ಆ ಮೇಲೆ ಯಾರಿಗೆಂದಿಲ್ಲದೆ ಹೇಳಿಕೊಂಡರು: "ಎಷ್ಟು ಜನರನ್ನ ಕೇಳಿದೆ. ಒಬ್ಬರು ಕಣ್ಣು ಬಿಟ್ಟರು. ಒಬ್ಬರು ನಗು ತಡೆಯೋದಕ್ಕೆ ಕೆಮ್ಮಿದರು. ನನ್ನ ತಂಗಿ, 'ಅಕ್ಕ, ನಿನಗೆ ಮೈ ಸರಿ ಇದೆಯಾ' ಅಂದಳು. ಇನ್ನು ಬೇಡ ಅಂತ ಬಿಟ್ಟೇಬಿಟ್ಟಿದ್ದೆ. ಕೊನೇದಾಗಿ ಗೋಡೆ ಹತ್ರ ಹೋಗಿ ಇವರನ್ನ ಕೇಳಿದೆ. ಇವರು ಹುಬ್ಬು ಕೂಡ ಏರಿಸಲಿಲ್ಲ. ಬಕೆಟ್ಟು ಎರವಲು ಕೇಳಿದ ಹಾಗೆ, 'ಹ್ಞೂಂ, ಅದಕ್ಕೇನಂತೆ ಮಿಸ್, ಆಗಲಿ, ಒಳ್ಳೇದೇ' ಅಂದ್ರು. ಇದೊಂದು ಸಾಧಾರಣ ಸಂಗತಿ, ಯಾರಾದರೂ ಮಾಡಬಹುದು ಅಂತ ನನಗೆ ಅನ್ನಿಸಿದ್ದು ಆಗಲೇ."

ಪೇಂಟರ ಮುಖ ಬೆವರಿತು. "ಮಿಸ್, ನಿಜ ಹೇಳಬೇಕು ಅಂದ್ರೆ ಅವತ್ತು ನಾನು ನೀವು ಹೇಳಿದ್ದನ್ನ..."

ಅವರ ಕಾಲ ಮೇಲೆ ಹೆಂಡತಿಯ ಕಾಲು ಬಿತ್ತು. ಹಗುರವಾಗಿ ಅಲ್ಲ.

"ಹೇಳಿದ್ದನ್ನ ಯಾರಿಗೂ ಹೇಳಬಾರದು ಅಂತ ಬಾಯಿ ಹೊಲಿದುಕೊಂಡಿದ್ರು" ಎಂದರು ಹೆಂಡತಿ. "ನನಗೂ ಹೇಳಲಿಲ್ಲ ನೋಡಿ. ನಾನೇ ಏನೇನೋ ಕಲ್ಪಿಸಿಕೊಂಡು ದಿಂಬು ತಂದೆ. ಸಾರ್, ಇನ್ನೊಂದು ಸಾಕ್ಷಿ ನಾನು. ಎಲ್ಲಿ ಸಹಿ ಹಾಕಲಿ?"

"ಮತ್ತೆ ಇವರ ಶರ್ಟು?" ಎಂದು ಅಧಿಕಾರಿ ಇನ್ನೂ ಅನುಮಾನದಿಂದ ಕೇಳಿದರು.

"ಇವರಿಗೆ ಸೆಕೆ."

ಪೇಂಟರು ಲಗುಬಗೆಯಿಂದ ಗುಂಡಿ ಹಾಕಿಕೊಂಡರು, ಒಂದು ಕಾಜ ತಪ್ಪಿಸಿ.

"ಸಾಕ್ಷಿಗಳ ಫೋಟೋ ಕೊಡಿ. ಒಂದೊಂದು ಸಾಕು. ಹಳೇದಾದ್ರೂ ನಡೆಯುತ್ತೆ."

"ಅವತ್ತೇ ಹೇಳಿದ್ದೆನಲ್ಲ" ಎಂದು ಯಜಮಾನರು ಪೇಂಟರ ಕಡೆ ತಿರುಗಿದರು. ಪೇಂಟರು ಜೇಬು ಮುಟ್ಟಿ ನೋಡಿಕೊಂಡರು, ಜೇಬಿನಲ್ಲಿ ಇದ್ದದ್ದು ಒಂದು ಒಣಗಿದ ಬ್ರಷ್ಷು. ಆಗ ಹೆಂಡತಿ ಕೈಚೀಲದ ಒಳಜೇಬಿನಿಂದ ಒಂದು ಫೋಟೋ ತೆಗೆದರು. ಮದುವೆಯಾದ ಹೊಸದರಲ್ಲಿ ತೆಗೆಸಿದ ಜೋಡಿ ಫೋಟೋ. ಹೆಂಡತಿ ಕ್ಯಾಮೆರಾ ನೋಡುತ್ತಿದ್ದರು. ಪೇಂಟರು ಸ್ಟುಡಿಯೋದ ಬೋರ್ಡನ್ನು ನೋಡುತ್ತಿದ್ದರು.

"ಇದೊಂದೇ ಇರೋದು" ಎಂದರು.

"ಮಧ್ಯಕ್ಕೆ ಕತ್ತರಿಸಬೇಕಾಗುತ್ತಲ್ಲಮ್ಮ. ಪರವಾಗಿಲ್ವಾ?"

"ಕತ್ತರಿಸಿ ಸಾರ್. ಹೇಗೂ ಇವತ್ತು ಏನಾದರೂ ಕತ್ತರಿಸ್ತಾರೆ ಅಂತಲೇ ಮನೆಯಿಂದ ಹೊರಟಿದ್ದು."

ಅಧಿಕಾರಿಗೆ ಅರ್ಥವಾಗಲಿಲ್ಲ. ಆದರೆ ಕತ್ತರಿ ಚೆನ್ನಾಗಿ ಆಡಿಸಿದರು. ಎಡಗಡೆ ಪೇಂಟರು ಅಂಟಿಕೊಂಡರು, ಬಲಗಡೆ ಅವರ ಹೆಂಡತಿ. ನಡುವೆ ಹೆಡ್‌ಮಿಸ್ಸು, ಬೀದಿಗೆಲ್ಲ ದುಂಡಕ್ಷರ ಕಲಿಸಿದ ಕೈಯಿಂದ ವಕ್ರವಾಗಿ ಸಹಿ ಹಾಕಿದರು.

ಅಲ್ಲಿಂದ ಎಲ್ಲರೂ ಹೋಟೆಲಿಗೆ ಹೋದರು. ಬೆಳಿಗ್ಗೆ ಏನೂ ತಿನ್ನಬೇಡಿ ಎಂದದ್ದು ಈ ಊಟಕ್ಕಾಗಿಯೇ ಎಂದು ಹೆಡ್‌ಮಿಸ್ಸು ವಿವರಿಸಿದರು. ಪೇಂಟರು ಅದಕ್ಕೆ ತಕ್ಕ ಗೌರವ ಕೊಟ್ಟರು. ಅವರು ಉಂಡದ್ದನ್ನು ನೋಡಿ ಬಡಿಸುವವನು ಒಳಗೆ ಹೋಗಿ ಅಡುಗೆಯವನನ್ನು ಕರೆತಂದು ತೋರಿಸಿದ.

ಬೀದಿಯಲ್ಲಿ ಜನ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಕಾರಿನಿಂದ ಪೇಂಟರು ತಮ್ಮ ಕಾಲ ಮೇಲೆ ತಾವೇ, ಹೊಟ್ಟೆ ಸವರುತ್ತ ಇಳಿದದ್ದನ್ನು ಕಂಡು ಗುಜುಗುಜು ಶುರುವಾಯಿತು. ಹಿಂದೆ ಹೆಡ್‌ಮಿಸ್ಸು, ಔಷಧಿ ಅಂಗಡಿಯ ಯಜಮಾನರ ಕೈ ಹಿಡಿದುಕೊಂಡು ಇಳಿದರು. ಬೇಕರಿಯವನು ಮುಂದೆ ಬಂದು, "ಏನಾಯ್ತು? ಕಿಡ್ನಿ ಹಾಕಿದ್ರಾ?" ಎಂದು ಕೇಳಿದ. ಯಾರು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಭಾವಮೈದುನ ದಿಂಬು ಎತ್ತಿ ಹಿಡಿದು ಘೋಷಿಸಿಬಿಟ್ಟ:

"ಅದರ ಅಗತ್ಯವೇ ಬೀಳಲಿಲ್ಲ. ಮದುವೆ ಮಾಡಿದ್ರು, ಸರಿಹೋಯ್ತು!"

ಬೀದಿ ಒಂದು ಗಳಿಗೆ ಕಣ್ಣು ಮಿಟುಕಿಸಿತು. ಆ ಮೇಲೆ ಎದುರುಮನೆಯಾಕೆ, "ನಾನು ಹೇಳಲಿಲ್ವಾ ಮಿಸ್, ಎಲ್ಲಾ ಒಳ್ಳೇದೇ ಆಗುತ್ತೆ ಅಂತ!" ಎಂದು ಚಪ್ಪಾಳೆ ತಟ್ಟಿದರು. ಜೊತೆಗೆ ಎಲ್ಲರೂ ತಟ್ಟಿದರು. ಪೇಂಟರಿಗೆಂದು ತಂದಿದ್ದ ಹಣ್ಣೆಲ್ಲ ಹೊಸ ಜೋಡಿಯ ಮಡಿಲಿಗೆ ಬಿತ್ತು. ಇಷ್ಟು ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳುವ ಅವಕಾಶ ಯಾರಿಗೂ ಸಿಗಲಿಲ್ಲ. ಸಾಯಬೇಕಾಗಿದ್ದವರು ಮದುವೆಯಾಗಿ ಬಂದರೆ ಯಾರು ತಾನೇ ಬೇಡವೆನ್ನುತ್ತಾರೆ?

ಜನ ಚದುರಿದ ಮೇಲೆ ಗಂಡ ಹೆಂಡತಿ ಹೊಸ್ತಿಲ ಮೇಲೆ ಕೂತರು. ಸಂಜೆಯ ಬಿಸಿಲು ಬೀದಿಯ ಉದ್ದಕ್ಕೂ ಮಲಗಿತ್ತು.

"ಅವತ್ತು ಆಕೆ ಹೇಳಿದ್ದು ಕೇಳಿಸಿಕೊಂಡಿರಲಿಲ್ಲ, ಅಲ್ವಾ?" ಎಂದರು ಹೆಂಡತಿ.

"ಇಲ್ಲ" ಎಂದರು ಪೇಂಟರು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ಒಂದಕ್ಷರಾನೂ?"

"ಒಂದಕ್ಷರದ ಬಗ್ಗೇನೇ ಯೋಚನೆ ಮಾಡ್ತಾ ಇದ್ದೆ."

ಹೆಂಡತಿ ತುಟಿ ಕಚ್ಚಿಕೊಂಡರು. "ಮತ್ತೆ ಬೆಳಿಗ್ಗೆ ಕಾರು ಹತ್ತಿದ್ರಲ್ಲ. ಕಿಡ್ನಿ ತೆಗೀತಾರೆ ಅಂತ ಗೊತ್ತಿದ್ದೂ ಹತ್ತಿದ್ರಾ?"

"ಹ್ಞೂಂ."

"ಯಾಕ್ರೀ? ನನ್ನ ಕೈಲಿ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?"

ಪೇಂಟರು ಬಹಳ ಹೊತ್ತು ಯೋಚಿಸಿದರು. ಈ ಪ್ರಶ್ನೆಗೆ ಬಾಯಿಯನ್ನು ಅದರ ಪಾಡಿಗೆ ಬಿಡುವಂತಿರಲಿಲ್ಲ.

"ಹೇಳೋಣ ಅಂತಲೇ ಇದ್ದೆ. ಆದರೆ ಪಕ್ಕದ ಮನೇಲಿ ಆಕೆ ಹಾಡ್ತಾ ಇದ್ರು. ಈ ಮನೇಲಿ ನೀನು ಮೂರು ಹೊತ್ತೂ ಅಷ್ಟು ಚೆನ್ನಾಗಿ ಬಡಿಸ್ತಾ ಇದ್ದೆ. ಒಂದು ಕಿಡ್ನಿಗೋಸ್ಕರ ಎರಡು ಮನೆ ಸಂತೋಷ ಯಾಕೆ ಕೆಡಿಸೋದು ಅನ್ನಿಸ್ತು."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮೊದಲು ಮೂಗಿನಿಂದ ಬಂತು, ಆಮೇಲೆ ಬಾಯಿಂದ ಬಂತು, ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದುರುಮನೆಯ ಕಿಟಕಿ ತೆರೆಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತು ನೋಡಿದ. ಆ ನಗುವನ್ನು ಪೇಂಟರು ಶುರುವಿನಿಂದ ಕೊನೆಯವರೆಗೂ, ಒಂದು ಚೂರೂ ಬಿಡದೆ ಕೇಳಿಸಿಕೊಂಡರು.